ರಿಟೈರ್ ಆದ ಶಾಲೆಗೇ ಎಸ್‌ಡಿಎಂಸಿ ಸದಸ್ಯೆ ಆಗಿದ್ದೀನಿ, ಮುಂದುವರೀಲಾ ಬಿಡ್ಲಾ?

ಸಕಲೇಶಪುರದ ಮಿಸ್:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ ಆಮೇಲೆ ಹೇಳಿ.

ಸಕಲೇಶಪುರ ತಾಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಲಿ ಹೆಚ್‌ಎಂ ಆಗಿದ್ದು ಎರಡು ವರ್ಷದ ಹಿಂದೆ ರಿಟೈರ್ ಆದೆ. ಒಟ್ಟು 34 ವರ್ಷ ಸರ್ವೀಸು, ಮೊದಲು ಚನ್ನರಾಯಪಟ್ಟಣದ ಕಡೆ, ಆಮೇಲೆ ಆಲೂರು, ಕೊನೇ 11 ವರ್ಷ ಇದೇ ಶಾಲೆ. ಯಜಮಾನ್ರ ಊರೂ ಇದೇ, ಹಾಗಾಗಿ ಇಲ್ಲೇ ಉಳ್ಕೊಂಡಿದ್ದೀನಿ, ಬೆಳಿಗ್ಗೆ ಪ್ರಾರ್ಥನೆ ಬೆಲ್ ಹೊಡೆದ್ರೆ ನಮ್ಮನೆ ಜಗಲಿಗೆ ಕೇಳ್ಸುತ್ತೆ. ಹೋದ ವರ್ಷ ಹೊಸ ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಆದಾಗ ಪೋಷಕರ ಜೊತೆಗೆ ಶಿಕ್ಷಣದಲ್ಲಿ ಆಸಕ್ತಿ ಇರೋರು ಅಂತ ನನ್ನ ಹೆಸರೂ ಸೇರ್ಸಿದ್ರು. ಖುಷಿಯಿಂದಲೇ ಒಪ್ಕೊಂಡೆ.

ಈಗ ಏನಾಗಿದೆ ಅಂದ್ರೆ ನಾನು ಹೋಗಿ ಕೂತ ತಕ್ಷಣ ಬೇರೆ ಯಾರೂ ಬಾಯಿ ಬಿಡಲ್ಲ. ಈಗಿನ ಹೆಚ್‌ಎಂ ನನ್ನ ಜೊತೆ ಸಹಶಿಕ್ಷಕರಾಗಿದ್ದೋರು, ನಾನು ಒಳಗೆ ಕಾಲಿಟ್ರೆ ಎದ್ದು ನಿಂತು ಅವರ ಕುರ್ಚಿನೇ ಬಿಟ್ಕೊಡ್ತಾರೆ, ಬೇಡ ಅಂದ್ರೂ ಕೇಳಲ್ಲ. ಸದಸ್ಯರಲ್ಲಿ ಮೂರ್ನಾಲ್ಕು ಜನ ನನ್ನ ಹತ್ರನೇ ಓದಿದೋರು. ಹೆಂಗಸರು ಬರೋದೇ ಅಪರೂಪ, ಬೆಳಿಗ್ಗೆ 11 ಗಂಟೆಗೆ ಸಭೆ ಅಂದ್ರೆ ತೋಟದ ಕೆಲಸ ಬಿಟ್ಟು ಯಾರು ಬರ್ತಾರೆ, ಸಂಜೆ ಸಭೆ ತೀರ್ಮಾನ ಬರೆಯೋ ನಡಾವಳಿ ಪುಸ್ತಕ ಮನೆಮನೆಗೆ ಹೋಗುತ್ತೆ, ಸಹಿ ಹಾಕಿ ಕಳಿಸ್ತಾರೆ. ಇದು ನನ್ನ ಕಾಲದಲ್ಲೂ ಹಂಗೇ ನಡೀತಿತ್ತು, ಆಗ ನಾನೇ ಪುಸ್ತಕ ಕಳಿಸ್ತಿದ್ದೆ, ತಪ್ಪು ಅಂತ ಅನ್ನಿಸ್ತಿರಲಿಲ್ಲ, ಈಗ ಆಚೆ ಕಡೆ ಕೂತು ನೋಡ್ದಾಗ ಮನಸ್ಸಿಗೆ ಹಿಂಸೆ ಆಗ್ತಿದೆ.

ಈಗ ಊರಿನ ಒಬ್ಬ ದೊಡ್ಡ ತೋಟದೋರು ಅವರ ತಂದೆ ನೆನಪಿಗೆ ಶಾಲೆ ಗೇಟಿಗೆ ಕಮಾನು ಕಟ್ಟಿಸ್ಕೊಡ್ತೀನಿ, ಮೂರು ಲಕ್ಷ ಆದ್ರೂ ಪರವಾಗಿಲ್ಲ ಅಂದಿದ್ದಾರೆ. ಒಳ್ಳೇ ಮನುಷ್ಯರು, ಪ್ರತಿ ವರ್ಷ ನೋಟ್‌ಬುಕ್ ಕೊಡ್ತಾರೆ. ಅಧ್ಯಕ್ಷರಿಗೂ ಹೆಚ್‌ಎಂಗೂ ಒಪ್ಪಿಗೆ. ಆದ್ರೆ ಹೆಣ್ಮಕ್ಕಳ ಶೌಚಾಲಯಕ್ಕೆ ನೀರಿಲ್ಲ. ಕಟ್ಟಡ ಇದೆ, ಬಾಗಿಲಿದೆ, ಮೇಲೆ ಟ್ಯಾಂಕೂ ಇದೆ, ಪಂಚಾಯ್ತಿ ಲೈನಿಂದ ಬರೋ ಪೈಪು ರಸ್ತೆ ಅಗಲ ಮಾಡುವಾಗ ಜೆಸಿಬಿಗೆ ಸಿಕ್ಕಿ ತುಂಡಾಗಿದ್ದು ಇವತ್ತಿಗೂ ಹಂಗೇ ಇದೆ. ನಾನಿದ್ದಾಗಲೇ ಆಗಿದ್ದು ಅದು. ಮೂರು ಸಲ ಅರ್ಜಿ ಬರೆದೆ, ಆಗಲಿಲ್ಲ, ರಿಟೈರ್ ಆಗ್ಬಿಟ್ಟೆ. ಕಮಾನು ಆಮೇಲೆ, ಮೊದಲು ನೀರು ಅಂತ ಹೇಳ್ಬೇಕು ಅಂತ ನಾಲಿಗೆ ತುದೀಲಿದೆ. ಹೇಳಿದ್ರೆ ಎಲ್ಲರೂ ತಲೆ ಆಡಿಸ್ತಾರೆ, ಅದು ನನಗೆ ಗೊತ್ತು. ಆದ್ರೆ ಅದು ಮಿಸ್ ಹೇಳಿದ್ದು ಅಂತ ಆಗುತ್ತೆ, ಹೆಚ್‌ಎಂಗೆ ಮುಖಭಂಗ, ದಾನಿಗೆ ಬೇಜಾರು. ಸುಮ್ನೆ ಇದ್ರೆ ಆ ಮಕ್ಕಳಿಗೆ ಮೋಸ ಮಾಡ್ದಂಗೆ.

ರಾಜೀನಾಮೆ ಕೊಟ್ಟು ಮನೇಲಿರೋದೇ ಒಳ್ಳೇದಾ? ಇಲ್ಲ ಇದ್ರೆ ಹೆಂಗಿರ್ಬೇಕು? ಅನುಭವ ಇರೋರು ಹೇಳಿ.

ಮೂಡಿಗೆರೆ ತೋಟದ ಹುಡ್ಗ:

ಮಿಸ್ ನಮಸ್ತೆ. ನಾನು ಟೀಚರ್ ಅಲ್ಲ, ಒಂದು ಟರ್ಮ್ ಎಸ್‌ಡಿಎಂಸಿ ಅಧ್ಯಕ್ಷ ಆಗಿದ್ದೆ, ಮೂಡಿಗೆರೆ ತಾಲೂಕು. ಪಿಯುಸಿ ಫೇಲು. ಅಧ್ಯಕ್ಷ ಆದ ಮೊದಲ್ನೇ ದಿನ ಪಾಸ್‌ಬುಕ್ ಕೈಗೆ ಕೊಟ್ಟಾಗ ಏನು ನೋಡ್ಬೇಕು ಅಂತಾನೇ ಗೊತ್ತಿರ್ಲಿಲ್ಲ, ಹೆಚ್‌ಎಂ ಎಲ್ಲಿ ತೋರ್ಸಿದ್ರೆ ಅಲ್ಲಿ ಸಹಿ ಹಾಕೋದು ಅಷ್ಟೇ ಕೆಲಸ ಅಂತ ಅನ್ಕೊಂಡಿದ್ದೆ.

ನಮ್ಮ ಕಮಿಟೀಲೂ ಒಬ್ರು ರಿಟೈರ್ಡ್ ಮೇಷ್ಟ್ರು ಇದ್ರು. ಅವರು ಸಭೇಲಿ ಮಾತಾಡಿದ್ದು ನಾನು ಕಂಡಿದ್ದೇ ಕಮ್ಮಿ. ಆದ್ರೆ ಸಭೆ ಹಿಂದಿನ ದಿನ ಸಂಜೆ ನಮ್ಮ ಕಣದ ಹತ್ರ ಬರೋರು, ಕಾಫಿ ಹಣ್ಣು ಹರಡಿರ್ತಿದ್ವಲ್ಲ ಅಲ್ಲೇ ಚೀಲದ ಮೇಲೆ ಕೂತ್ಕೊಂಡು, ತಮ್ಮಾ ಈ ತಿಂಗಳು ಹಾಲಿನ ಪುಡಿ ಎಷ್ಟು ಬಂತು ನೋಡಿದ್ಯಾ ಅನ್ನೋರು. ಒಂದು ಮಗೂಗೆ ದಿನಕ್ಕೆ 18 ಗ್ರಾಂ ಪುಡಿ, ಅದಕ್ಕೆ ನೀರು ಸೇರ್ಸಿದ್ರೆ 150 ಎಂಎಲ್ ಹಾಲು, ನಿಮ್ಮ ಶಾಲೇಲಿ ಇವತ್ತು ಎಷ್ಟು ಮಕ್ಕಳು ಬಂದಿದ್ರು, ಗುಣಿಸು ಅನ್ನೋರು. ನಾನು ಕಾಫಿ ಚೀಲದ ಲೆಕ್ಕ ಬರೆಯೋ ಬುಕ್ಕಲ್ಲೇ ಗುಣಿಸಿದ್ದೆ. ಅಕ್ಕಿ ಲೆಕ್ಕಾನೂ ಹಂಗೇ ಕಲ್ಸಿದ್ರು, ಐದನೇ ಕ್ಲಾಸ್ ತನಕ ತಲೆಗೆ 100 ಗ್ರಾಂ, ಆರು ಏಳಕ್ಕೆ 150. ಮಾರನೇ ದಿನ ಸಭೇಲಿ ಸ್ಟಾಕ್ ಪುಸ್ತಕ ತೆಗೀರಿ ಸಾರ್ ಅಂತ ಕೇಳಿದ್ದು ನಾನು, ಮೇಷ್ಟ್ರು ಅಲ್ಲ. ಪುಸ್ತಕದ ಲೆಕ್ಕ ಸರಿಯಾಗೇ ಇತ್ತು, ಕಳ್ಳತನ ಹಿಡಿಯೋಕೆ ಕೇಳಿದ್ದಲ್ಲ, ಆದ್ರೆ ಅವತ್ತಿಂದ ಹೆಚ್‌ಎಂ ನನ್ನನ್ನ ಅಧ್ಯಕ್ಷ ಅಂತ ನೋಡಿದ್ರು ಮತ್ತೆ ನಾನೂ ನನ್ನನ್ನ ಹಂಗೇ ನೋಡ್ಕೊಂಡೆ.

ಬಿಡಬೇಡಿ ಮಿಸ್. ಆದ್ರೆ ಆ ಕುರ್ಚೀಲಿ ಕೂರಬೇಡಿ, ಹೆಚ್‌ಎಂ ಎದ್ದು ನಿಂತ್ರೂ ನೀವು ಸೀದಾ ಹೋಗಿ ಹೆಂಗಸರ ಪಕ್ಕ ಕೂತ್ಬಿಡಿ.

ಇನ್ನೊಂದು, ಸಭೆ ಟೈಮು. ಸಂಜೆ ಐದಕ್ಕೆ ಇಟ್ರೆ ನಿಮ್ಮ ಕಡೆ ಆನೆ ಕಾಟ, ಕತ್ತಲಲ್ಲಿ ಯಾರನ್ನ ಕಳಿಸೋದು. ನಾವು ಸಂತೆ ದಿನಕ್ಕೆ ಇಟ್ವಿ. ನಮ್ಮ ಕಡೆ ತೋಟಗಳಿಗೆ ಅವತ್ತು ರಜೆ, ಸಂತೆಗೆ ಹೋಗೋ ಮುಂಚೆ ಒಂಬತ್ತೂವರೆಗೆ ಸೇರೋದು, ಮುಕ್ಕಾಲು ಗಂಟೇಲಿ ಮುಗ್ಸೋದು. ಮೊದಲ್ನೇ ಸಲಕ್ಕೇ ಏಳು ಜನ ಹೆಂಗಸರು ಬಂದ್ರು, ಸಂತೆ ಚೀಲ ಹಿಡ್ಕೊಂಡೇ ಬಂದಿದ್ರು.

ಅರಸೀಕೆರೆ ಹಳೇ ಹೆಚ್‌ಎಂ:

ಮೇಡಂ, ನಾನೂ ನಿಮ್ಮ ಹಾಗೇ ನಿವೃತ್ತ. ನಿಯಮದ ಕಡೆಯಿಂದ ಒಂದೆರಡು ವಿಷಯ ಹೇಳ್ತೀನಿ, ಯಾಕಂದ್ರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ.

ಎಸ್‌ಡಿಎಂಸಿ ನಮ್ಮ ರಾಜ್ಯದಲ್ಲಿ ಬಂದಿದ್ದು 2001ರಲ್ಲಿ, ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆ ಶಿಫಾರಸು ಮಾಡಿದ ಮೇಲೆ. ಅದಕ್ಕೆ ಮುಂಚೆ ಗ್ರಾಮ ಶಿಕ್ಷಣ ಸಮಿತಿ ಇತ್ತು, ನಾನು ಆಗ ಸಹಶಿಕ್ಷಕ, ನನಗೆ ಚೆನ್ನಾಗಿ ನೆನಪಿದೆ, ನಮ್ಮೂರಲ್ಲಿ ಅದ್ರಲ್ಲಿ ಕೂರ್ತಿದ್ದವರೆಲ್ಲ ಊರಿನ ಮುಖಂಡರು, ಅವರಲ್ಲಿ ಎಷ್ಟೋ ಜನರ ಮಕ್ಕಳು ಹಾಸನದಲ್ಲಿ ಕಾನ್ವೆಂಟಿಗೆ ಹೋಗ್ತಿದ್ರು. ಯಾರ ಮಗು ಆ ಶಾಲೇಲಿ ಓದುತ್ತೋ ಅವರೇ ಕೂರ್ಬೇಕು ಅನ್ನೋದೇ ಎಸ್‌ಡಿಎಂಸಿಯ ಮೂಲ. 2010ರ ಏಪ್ರಿಲ್ 1ರಿಂದ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ ಜಾರಿಗೆ ಬಂದ್ಮೇಲೆ ಅದಕ್ಕೆ ಕಾನೂನಿನ ಬಲ ಬಂತು. 21ನೇ ಸೆಕ್ಷನ್ ತೆಗೆದು ಓದಿ, ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಇರ್ಬೇಕು, ಅರ್ಧದಷ್ಟು ಹೆಂಗಸರು ಇರ್ಬೇಕು. ಉಳಿದ ಕಾಲು ಭಾಗದಲ್ಲಿ ಪಂಚಾಯ್ತಿಯೋರು, ಶಿಕ್ಷಕರು, ಆಮೇಲೆ ನಮ್ಮಂಥೋರು. ಅಧ್ಯಕ್ಷರು ಪೋಷಕರಲ್ಲೊಬ್ರು, ಹೆಚ್‌ಎಂ ಕಾರ್ಯದರ್ಶಿ, ಖಾತೆ ಇಬ್ಬರ ಹೆಸರಲ್ಲಿ ಜಂಟಿ. ನಮಗೆ ಅಲ್ಲಿರೋದು ಒಂದು ಮೂಲೆ. ಆ ಮೂಲೆ ಸಣ್ಣದು ಅಂತ ಅಂದ್ಕೋಬೇಡಿ, ಕಾಗದ ಓದೋಕೆ ಬರೋರು ಅಲ್ಲಿ ಒಬ್ರಾದ್ರೂ ಇರ್ಬೇಕು.

ಶೌಚಾಲಯದ ವಿಷಯಕ್ಕೆ ಬರ್ತೀನಿ. ಅದೇ ಕಾಯ್ದೆಯ ಕೊನೇಲಿ ಒಂದು ಅನುಸೂಚಿ ಇದೆ, ಶಾಲೆಗೆ ಏನೇನಿರ್ಬೇಕು ಅಂತ ಪಟ್ಟಿ. ಗಂಡುಮಕ್ಕಳಿಗೆ ಹೆಣ್ಣುಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯೋ ನೀರು, ಅಡುಗೆ ಮನೆ, ಆಟದ ಜಾಗ, ಕಾಂಪೌಂಡ್ ಎಲ್ಲ ಬರುತ್ತೆ. ಕಮಾನು ಬರಲ್ಲ. 2012ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಎಲ್ಲ ಶಾಲೆಗಳಿಗೂ ಆರು ತಿಂಗಳೊಳಗೆ ಶೌಚಾಲಯ, ಕುಡಿಯೋ ನೀರು ಆಗ್ಬೇಕು ಅಂತ ಹೇಳಿತ್ತು. ಎಷ್ಟು ವರ್ಷ ಆಯ್ತು ನೋಡಿ.

ದುಡ್ಡು ಎಲ್ಲಿಂದ ಅಂತ ಕೇಳಿದ್ರೆ, ಸಮಗ್ರ ಶಿಕ್ಷಣ ಅನ್ನೋ ಸರ್ಕಾರಿ ಯೋಜನೇಲಿ ಶಾಲಾ ಅನುದಾನ ಬರುತ್ತಲ್ಲ, ಮಾರ್ಗಸೂಚಿ ಪ್ರಕಾರ 31ರಿಂದ 100 ಮಕ್ಕಳಿರೋ ಶಾಲೆಗೆ ವರ್ಷಕ್ಕೆ 25 ಸಾವಿರ, ಅದ್ರಲ್ಲಿ ಕನಿಷ್ಠ 10 ಪರ್ಸೆಂಟ್ ಸ್ವಚ್ಛತೆಗೇ ಬಳಸ್ಬೇಕು. ಅದು ಬಕೆಟ್ಟು ಫಿನಾಯಿಲಿಗೆ ಸರಿಹೋಗುತ್ತೆ, ಪೈಪಿಗೆ ಸಾಲದು. ಪೈಪಿಗೆ ಪಂಚಾಯ್ತಿ ಹಿಡೀರಿ. 15ನೇ ಹಣಕಾಸು ಆಯೋಗದಿಂದ ಪಂಚಾಯ್ತಿಗೆ ಬಂದ ಅನುದಾನದಲ್ಲಿ 60 ಪರ್ಸೆಂಟ್ ಕುಡಿಯೋ ನೀರು ಮತ್ತೆ ನೈರ್ಮಲ್ಯಕ್ಕೇ ಅಂತ ಕಟ್ಟಿಟ್ಟಿದ್ದು. ದುಡ್ಡಿಲ್ಲ ಅಂದ್ರೆ ಆ ಬಾಬ್ತು ಏನಾಯ್ತು, ಎಷ್ಟು ಉಳಿದಿದೆ ಅಂತ ಪಂಚಾಯ್ತಿ ಅಧಿಕಾರಿ ಪಿಡಿಒ ಹತ್ರ ಬಾಯಲ್ಲಿ ಕೇಳ್ಬೇಡಿ, ಎಸ್‌ಡಿಎಂಸಿ ನಡಾವಳಿ ಪ್ರತಿ ಲಗತ್ತಿಸಿ ಅಧ್ಯಕ್ಷರ ಸಹೀಲಿ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ. ನೀವು ಹೆಚ್‌ಎಂ ಆಗಿದ್ದಾಗ ಕೊಟ್ಟ ಮೂರು ಅರ್ಜಿ ಒಬ್ಬ ನೌಕರಳ ಅರ್ಜಿ, ಇದು ತಾಯಂದಿರ ಅರ್ಜಿ, ಎರಡಕ್ಕೂ ತೂಕ ಬೇರೆ.

ದಾನಿಗಳು ಕೊಡೋದು ದುಡ್ಡಾಗ್ಲಿ ಕಟ್ಟಡ ಆಗ್ಲಿ, ಮೊದಲು ಸಭೆಲಿ ಚರ್ಚೆ ಆಗಿ ನಡಾವಳಿಗೆ ಬರ್ಬೇಕು. ಫೋನಲ್ಲಿ ಒಪ್ಕೊಂಡು ಆಮೇಲೆ ಬರೆಯೋದಲ್ಲ. ಇದನ್ನ ನಿಮ್ಮ ಹೆಚ್‌ಎಂಗೆ ಸಭೆ ಹೊರಗೆ, ಒಬ್ಬರೇ ಇದ್ದಾಗ ಹೇಳಿ. ನಾಳೆ ಆಡಿಟ್ ಬಂದಾಗ ಅವರಿಗೇ ಕಾಪಾಡೋದು ಅದು.

ನಲಿಕಲಿ ಟೀಚರ್ ಚಿಕ್ಕಮಗಳೂರು:

ನಾನು ಸರ್ವೀಸಲ್ಲಿ ಇರೋಳು, 1ರಿಂದ 3ನೇ ಕ್ಲಾಸಿಗೆ ನಲಿಕಲಿ ತಗೋತೀನಿ. ಈ ಕಡೆ ಮಾತೂ ಕೇಳಿ ಅಂತ ಬರೀತಿದ್ದೀನಿ, ಮಿಸ್ ನೀವು ಬೇಜಾರು ಮಾಡ್ಕೋಬೇಡಿ.

ನಾನು ಹಿಂದೆ ಇದ್ದ ಶಾಲೇಲಿ ನಿವೃತ್ತ ಶಿಕ್ಷಕರೊಬ್ರು ಎಸ್‌ಡಿಎಂಸೀಲಿದ್ರು, ತುಂಬಾ ಶಿಸ್ತಿನೋರು, ಅವರ ಬಗ್ಗೆ ಗೌರವ ಇದೆ. ಆದ್ರೆ ವಾರಕ್ಕೆರಡು ಸಲ ನನ್ನ ಕೋಣೆ ಬಾಗಿಲಲ್ಲಿ ಬಂದು ನಿಲ್ಲೋರು. ನಲಿಕಲೀಲಿ ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ ಕೂತಿರ್ತಾರೆ, ಒಂದು ಗುಂಪು ಕಾರ್ಡ್ ಓದ್ತಿರುತ್ತೆ, ಇನ್ನೊಂದು ಗುಂಪು ಕಡ್ಡಿ ಎಣಿಸ್ತಿರುತ್ತೆ, ಒಬ್ಬ ಗೋಡೆ ಮೇಲೆ ಬರೀತಿರ್ತಾನೆ, ಸದ್ದು ಇದ್ದೇ ಇರುತ್ತೆ. ಅದು ನೋಡಿ ಅವರು ಸಭೆಲಿ ಎಲ್ಲರ ಮುಂದೆ ಒಂದನೇ ಕ್ಲಾಸಲ್ಲಿ ಪಾಠನೇ ನಡೀತಿಲ್ಲ, ಬೋರ್ಡ್ ಮೇಲೆ ಅ ಆ ಇಲ್ಲ ಅಂದ್ಬಿಟ್ರು. 1995ರಲ್ಲಿ ಹೆಗ್ಗಡದೇವನಕೋಟೆಲಿ ನಮ್ಮ ಹಾಗಿನ ಶಿಕ್ಷಕರೇ ಶುರು ಮಾಡಿದ ಪದ್ಧತಿ ಇದು, ಅಕ್ಷರಮಾಲೆ ಅನುಕ್ರಮದಲ್ಲಿ ಕಲಿಸಲ್ಲ, ರ ಗ ಸ ದ ಅಂತ ಶುರುವಾಗುತ್ತೆ, ಇದನ್ನ ಪೋಷಕರಿಗೆ ಬಿಡಿಸಿ ಹೇಳೋಕೆ ನನಗೆ ಅವಕಾಶನೇ ಸಿಗ್ಲಿಲ್ಲ. ಅವತ್ತು ಮನೆಗೆ ಹೋಗಿ ಅತ್ತಿದ್ದೆ. ಆ ವರ್ಷ ಒಬ್ಬ ತಾಯೀನೂ ನನ್ನ ಹತ್ರ ಮಗು ಬಗ್ಗೆ ಕೇಳೋಕೆ ಬರ್ಲಿಲ್ಲ, ನಂಬಿಕೆ ಹೋಗಿತ್ತು.

ಅದಕ್ಕೇ ಕೇಳ್ಕೊಳ್ಳೋದು, ಪಾಠ ಹೆಂಗೆ ಮಾಡ್ಬೇಕು ಅನ್ನೋದನ್ನ ಸಭೇಲಿ ಎತ್ಬೇಡಿ. ನಮಗೆ ನಿಜವಾಗ್ಲೂ ನಿಮ್ಮ ಸಹಾಯ ಬೇಕಾಗಿರೋದು ಬೇರೆ ಕಡೆ. ನವೆಂಬರ್ ಬಂತು ಅಂದ್ರೆ ಕಾಫಿ ಕುಯ್ಲು ಶುರು, ಅರೇಬಿಕಾ ಮುಗಿಯೋ ಹೊತ್ತಿಗೆ ರೋಬಸ್ಟಾ, ಫೆಬ್ರವರಿ ತನಕ ತೋಟದ ಕೂಲಿಯೋರ ಲೈನ್ ಮನೆ ಮಕ್ಕಳ ಹಾಜರಿ ನೋಡಿದ್ರೆ ಹೊಟ್ಟೆ ಉರಿಯುತ್ತೆ. ದೊಡ್ಡ ಹುಡುಗಿ ಚಿಕ್ಕ ಮಗು ನೋಡ್ಕೊಂಡು ಮನೇಲಿ ಉಳೀತಾಳೆ. ಅಸ್ಸಾಂ ಕಡೆಯಿಂದ ಬಂದೋರ ಮಕ್ಕಳಿದ್ದಾರೆ, ಟಿಸಿ ಇಲ್ಲ, ಜನನ ಪತ್ರ ಇಲ್ಲ, ಸೇರಿಸ್ಕೊಳ್ಳಕ್ಕಾಗಲ್ಲ ಅಂತ ಎಷ್ಟೋ ಕಡೆ ವಾಪಸ್ ಕಳಿಸ್ತಾರೆ, ವಯಸ್ಸಿನ ದಾಖಲೆ ಇಲ್ಲ ಅಂತ ದಾಖಲಾತಿ ನಿರಾಕರಿಸೋ ಹಾಗಿಲ್ಲ ಅಂತ ಆರ್‌ಟಿಇ 14ನೇ ಸೆಕ್ಷನ್‌ನಲ್ಲೇ ಇದೆ. ನಾನೊಬ್ಳೇ ಲೈನ್ ಮನೆಗೆ ಹೋದ್ರೆ ತೋಟದ ಲೆಕ್ಕ ನೋಡೋ ರೈಟರ್ರು ಗೇಟಲ್ಲೇ ನಿಲ್ಲಿಸ್ತಾರೆ. 34 ವರ್ಷ ಸರ್ವೀಸ್ ಮಾಡಿದ ಮಿಸ್ ಅಂತ ಊರಲ್ಲೇ ಹೆಸರಿರೋರು ಪಕ್ಕದಲ್ಲಿದ್ರೆ ಗೇಟು ತಾನಾಗೇ ತೆಗೆಯುತ್ತೆ. ನಿಮ್ಮ ದೊಡ್ಡ ತೋಟದ ದಾನಿಗಳ ಹತ್ರ ನೀವು ಕೇಳ್ಬೇಕಾಗಿರೋದು ಇದೇ ಅಂತ ನನಗನ್ಸುತ್ತೆ, ಕುಯ್ಲಿನ ಟೈಮಲ್ಲಿ ಸಣ್ಣ ಮಕ್ಕಳನ್ನ ನೋಡ್ಕೊಳ್ಳೋಕೆ ಲೈನಲ್ಲೇ ಒಂದು ಆಯಾ ಇಟ್ರೆ ನಾಲ್ಕು ಅಕ್ಕಂದಿರು ಶಾಲೆಗೆ ಬರ್ತಾರೆ.

ಬೇಲೂರು ಅಪ್ಪ:

ನಾನು ನೇರವಾಗಿ ಹೇಳ್ತೀನಿ. ನೀವು ಬಿಟ್ಬಿಡಿ ಮೇಡಂ. ಗೌರವದಿಂದಲೇ ಹೇಳ್ತಿದ್ದೀನಿ. ನೀವೇ ಹೆಚ್‌ಎಂ ಆಗಿದ್ದ ಶಾಲೆ, ಅಲ್ಲಿ ನಿಮ್ಮ ಕಾಲದ ತಪ್ಪುಗಳೂ ಇರುತ್ತೆ ನೀವೇ ಬರೆದಿದ್ದೀರಿ, ಪುಸ್ತಕ ಮನೆಗೆ ಕಳಿಸ್ತಿದ್ದೆ ಅಂತ. ಅದನ್ನ ನಿಮ್ಮೆದುರಿಗೆ ಯಾವ ತಂದೆ ತಾಯಿ ಎತ್ತಿ ಹೇಳ್ತಾರೆ? ಮಾತಾಡದೆ ಕೂತ್ರೂ ನೀವು ಇದ್ದೀರಿ ಅನ್ನೋದೇ ಸಾಕು ಬಾಯಿ ಕಟ್ಟೋಕೆ. ಪಕ್ಕದೂರಿನ ಶಾಲೇಲಿ ಸದಸ್ಯೆ ಆಗಿ, ಅಲ್ಲಿ ನಿಮ್ಮ ಅನುಭವ ಉಪಯೋಗಕ್ಕೆ ಬರುತ್ತೆ. ನಮ್ಮ ಶಾಲೇಲಿ ಹಳೇ ಮೇಷ್ಟ್ರು ಇರೋ ತನಕ ನಾನು ಒಂದು ಪ್ರಶ್ನೆ ಕೇಳಿಲ್ಲ, ಕೇಳೋಕೆ ಹೋದ್ರೆ ನಾಲ್ಕನೇ ಕ್ಲಾಸಲ್ಲಿ ಅವರ ಕೈಲಿ ತಿಂದ ಏಟೇ ನೆನಪಾಗೋದು.

ಸಕಲೇಶಪುರದ ಮಿಸ್:

ಬೇಲೂರಿನೋರೇ, ನೀವು ಹೇಳಿದ್ದು ಚುಚ್ಚಿತು, ಆದ್ರೆ ನಿಜ. ಎರಡು ದಿನ ಇದನ್ನೇ ಯೋಚಿಸ್ದೆ. ನಿಮ್ಮ ಮಾತು ತಳ್ಳಿಹಾಕ್ತಿಲ್ಲ. ಮುಂದಿನ ಒಂದು ಸಭೆ ಮೂಡಿಗೆರೆ ತಮ್ಮ ಹೇಳ್ದಂಗೆ ಮಾಡಿ ನೋಡ್ತೀನಿ, ಬಾಯಿ ಬಿಟ್ಟು ಯಾರೂ ಮಾತಾಡ್ಲಿಲ್ಲ ಅಂದ್ರೆ ಅವತ್ತೇ ರಾಜೀನಾಮೆ ಕೊಡ್ತೀನಿ. ನಲಿಕಲಿ ಟೀಚರಮ್ಮ, ನಿಮ್ಮ ಕ್ಲಾಸಿನ ಬಾಗಿಲಲ್ಲಿ ನಿಂತೋರು ನಾನಲ್ಲ, ಆದ್ರೂ ನಮ್ಮ ಕಾಲದೋರ ಪರವಾಗಿ ಕ್ಷಮೆ ಇರ್ಲಿ.

ಅರಸೀಕೆರೆ ಹಳೇ ಹೆಚ್‌ಎಂ:

ಮೇಡಂ ಒಂದು ಮಾತು ಮರೆತಿದ್ದೆ. ಸಭೆ ಶುರುವಲ್ಲಿ ಹಿಂದಿನ ಸಭೆಯ ನಡಾವಳಿ ಜೋರಾಗಿ ಓದಿಸಿ. ಹೆಚ್‌ಎಂ ಓದ್ಲಿ, ಇಲ್ಲ ಓದೋಕೆ ಬರೋ ತಾಯಿ ಯಾರಾದ್ರೂ ಓದ್ಲಿ. ತಾವು ಸಹಿ ಹಾಕಿದ್ದು ಯಾವುದಕ್ಕೆ ಅಂತ ಕಿವಿಗೆ ಬಿದ್ದಾಗ ಜನ ಮಾತಾಡ್ತಾರೆ. ಹಾಗೇ ಶಾಲಾ ಅಭಿವೃದ್ಧಿ ಯೋಜನೆ ಅಂತ 22ನೇ ಸೆಕ್ಷನ್ ಪ್ರಕಾರ ಸಮಿತಿನೇ ತಯಾರು ಮಾಡ್ಬೇಕು, ಮೂರು ವರ್ಷದ್ದು. ಎಷ್ಟೋ ಕಡೆ ಅದನ್ನ ಹೆಚ್‌ಎಂ ಒಬ್ರೇ ಕೂತು ತುಂಬಿಸಿ ಕಳಿಸ್ತಾರೆ. ನೀರಿನ ವಿಷಯ ಅದ್ರಲ್ಲಿ ಮೊದಲ ಸಾಲಲ್ಲಿ ಬರ್ಲಿ.

ಸಕಲೇಶಪುರದ ಮಿಸ್:

ಮೂರು ವಾರ ಆದ್ಮೇಲೆ ಬರೀತಿದ್ದೀನಿ. ಸಭೆ ಆಯ್ತು. ಏನಾಯ್ತು ಅಂತ ಹೇಳ್ದೇ ಇದ್ರೆ ನಿಮಗೆಲ್ಲ ಅನ್ಯಾಯ.

ಮೊದಲು ಹೆಚ್‌ಎಂ ಮನೆಗೆ ಹೋಗಿದ್ದೆ, ಸಭೆಗೆ ನಾಲ್ಕು ದಿನ ಮುಂಚೆ. ಅವರ ಮನೆಯೋರು ಅಕ್ಕಿ ರೊಟ್ಟಿ ಮಾಡಿದ್ರು. ನಾನು ಸೀದಾ ಹೇಳ್ದೆ, ನೋಡಪ್ಪ, ಇನ್ಮೇಲೆ ನಾನು ಬಂದಾಗ ಏಳಬೇಡ, ನೀನು ಎದ್ರೆ ನಾನು ವಾಪಸ್ ಹೋಗ್ತೀನಿ, ಆ ಕುರ್ಚಿ ನಿಂದು. ಸ್ವಲ್ಪ ಹೊತ್ತು ಸುಮ್ಮನಿದ್ದು, ಮಿಸ್ ನನಗೂ ಕಷ್ಟ ಆಗ್ತಿತ್ತು, ಮಕ್ಕಳ ಮುಂದೆ ಎಲ್ಲಿ ನಿಲ್ಬೇಕು ಅಂತಾನೇ ಗೊತ್ತಾಗ್ತಿರ್ಲಿಲ್ಲ ಅಂದ್ರು. ದಾನಿಗಳ ವಿಷಯ ಸಭೆಗೆ ತರೋಣ, ಮುಂಚೆನೇ ಒಪ್ಕೋಬೇಡ ಅಂದೆ. ಸಂತೆ ದಿನಕ್ಕೆ ಸಭೆ ಇಡೋದಕ್ಕೂ ಒಪ್ಪಿದ್ರು.

ಅವತ್ತು ನಲಿಕಲಿ ಕೋಣೇಲಿ ಚಾಪೆ ಹಾಸಿ ಎಲ್ಲರೂ ಕೆಳಗೇ ಕೂತ್ವಿ. ಮೇಲೆ ದಾರಕ್ಕೆ ಮಕ್ಕಳ ಚಿತ್ರ ನೇತಾಕಿತ್ತು, ಫ್ಯಾನ್ ಗಾಳಿಗೆ ಅಲ್ಲಾಡ್ತಿತ್ತು. ನಾನು ಬಾಗಿಲ ಹತ್ರ, ಅಡುಗೆಯಮ್ಮನ ಪಕ್ಕ. ಹೆಂಗಸರು ಆರು ಜನ ಬಂದಿದ್ರು. ಹಳೇ ನಡಾವಳಿ ಓದಿದ್ದು ಏಳನೇ ಕ್ಲಾಸ್ ಹುಡುಗಿಯೊಬ್ಳ ಅಮ್ಮ, ನಿಧಾನಕ್ಕೆ ಬೆರಳಿಟ್ಕೊಂಡು ಓದಿದ್ಲು. ಆಮೇಲೆ ಅಧ್ಯಕ್ಷರು ಕಮಾನಿನ ವಿಷಯ ಹೇಳಿದ್ರು. ಎಲ್ಲರೂ ನನ್ನ ಕಡೆ ತಿರುಗಿದ್ರು. ನಾನು ಸೆರಗಲ್ಲಿ ಕೈ ಸುತ್ಕೊಂಡು ಕೂತಿದ್ದೆ, ಮಾತು ಗಂಟಲ ತನಕ ಬಂದಿತ್ತು, ನುಂಗಿದೆ. ಎಷ್ಟು ಹೊತ್ತು ಹಂಗೇ ಇತ್ತೋ, ಆಚೆ ಮಕ್ಕಳು ಮಗ್ಗಿ ಹೇಳೋದು ಕೇಳ್ತಿತ್ತು, ಹದಿನಾಲ್ಕರ ಮಗ್ಗಿ ಪೂರ್ತಿ ಮುಗೀತು.

ಆಗ ಲೈನ್ ಮನೆಯ ಒಬ್ಬಾಕೆ, ಇದುವರೆಗೂ ಒಂದು ಸಭೆಗೂ ಬಾರದೋಳು, ಕಮಾನು ಆಗ್ಲಿ ಸಾರ್, ಆದ್ರೆ ನನ್ನ ಮಗಳು ಹಾಲು ಕುಡಿತಿಲ್ಲ ಅಂದ್ಲು. ಅಧ್ಯಕ್ಷರಿಗೆ ಅರ್ಥ ಆಗ್ಲಿಲ್ಲ, ಹಾಲಿಗೂ ಕಮಾನಿಗೂ ಏನಮ್ಮ ಅಂದ್ರು. ಶಾಲೇಲಿ ಕೊಡೋ ಹಾಲು ಕುಡಿದ್ರೆ ಒಂದಕ್ಕೆ ಬರುತ್ತೆ, ಹೋಗೋಕೆ ಅಲ್ಲಿ ನೀರಿಲ್ಲ, ಅದಕ್ಕೆ ಅವಳು ಲೋಟ ಪಕ್ಕದ ಹುಡುಗೀಗೆ ಕೊಟ್ಬಿಡ್ತಾಳೆ, ಬೆಳಿಗ್ಗೆ ಮನೇಲೂ ನೀರು ಮುಟ್ಟಲ್ಲ, ಸಾಯಂಕಾಲ ಓಡಿ ಬರ್ತಾಳೆ ಅಂದ್ಲು. ಇನ್ನೊಬ್ಳು ನನ್ನ ಮಗಳೂ ಹಂಗೇ ಅಂದ್ಲು. ಮತ್ತೊಬ್ಳು, ತಿಂಗಳಲ್ಲಿ ನಾಲ್ಕು ದಿನ ನಾನೇ ಕಳ್ಸಲ್ಲ ಅಂದ್ಲು.

ನಾನು ಆ ಶಾಲೇಲಿ ಹನ್ನೊಂದು ವರ್ಷ ಇದ್ದೋಳು. ಪೈಪು ಮುರಿದ್ಮೇಲೆ ನನ್ನ ಕಣ್ಮುಂದೆನೇ ಆರು ಏಳನೇ ಕ್ಲಾಸ್ ಹುಡುಗೀರು ಹಾಲು ಬೇಡ ಅನ್ನೋರು, ಪುಡಿ ಹಾಲಿನ ವಾಸನೆ ಆಗಲ್ಲ ಇವರಿಗೆ, ನಾಜೂಕು ಜಾಸ್ತಿ ಅಂತ ಬೈದು ಕುಡಿಸ್ತಿದ್ದೆ. ನಿಂತು ಕುಡಿಸ್ತಿದ್ದೆ. ಅದು ಈಗ ರಾತ್ರಿ ಮಲಗಿದ್ರೂ ನೆನಪಾಗುತ್ತೆ.

ಅವತ್ತಿನ ನಡಾವಳೀಲಿ ಮೊದಲ್ನೇ ವಿಷಯ ನೀರು ಅಂತ ಬರೆದಾಯ್ತು, ಬರೆದಿದ್ದು ಹೆಚ್‌ಎಂ, ನಾನಲ್ಲ. ಕಮಾನಿನ ವಿಷಯ ಮುಂದಿನ ಸಭೆಗೆ ಹೋಯ್ತು. ದಾನಿಗಳ ಹತ್ರ ಅಧ್ಯಕ್ಷರೂ ಆ ಹಾಲಿನ ಮಾತು ಹೇಳಿದ ತಾಯೀನೂ ಇನ್ನಿಬ್ಬರೂ ಸೇರಿ ಹೋಗಿದ್ರು, ನಾನು ಹೋಗ್ಲಿಲ್ಲ. ಅವರು ಎಲ್ಲ ಕೇಳಿ, ಯೋಚಿಸಿ ಹೇಳ್ತೀನಿ ಅಂದಿದ್ದಾರಂತೆ, ಇನ್ನೂ ಏನೂ ಹೇಳಿಲ್ಲ. ಕುಯ್ಲಿನ ಟೈಮಿಗೆ ಆಯಾ ಇಡೋ ವಿಷಯ ನಾನೇ ಹೋಗಿ ಕೇಳ್ತೀನಿ, ಅದು ಶಾಲೆ ಸಭೆ ಮಾತಲ್ಲ, ಊರಿನೋಳಾಗಿ ಕೇಳೋದು. ಪಂಚಾಯ್ತಿಗೆ ಅರ್ಜಿ ಕೊಟ್ಟು ಸ್ವೀಕೃತಿ ತಗೊಂಡಿದ್ದಾರೆ. ಮೊನ್ನೆ ವಾಟರ್‌ಮನ್ ಬಂದು ಟೇಪ್ ಹಿಡಿದು ಅಳೆದ್ರು, ರಸ್ತೆಯಿಂದ ಟ್ಯಾಂಕ್ ತನಕ 140 ಅಡಿ ಪೈಪ್ ಬೇಕಂತೆ, ಒಂದು ವಾಲ್ವ್ ಕೂಡ ಹೋಗಿದೆಯಂತೆ.

ಅಲ್ಲೀತನಕ ಹೆಚ್‌ಎಂ ಅಡುಗೆ ಮನೆ ನೀರಿನ ಲೈನಿಂದ ಹೋಸ್ ಎಳೆದು ಬೆಳಿಗ್ಗೆ ಎರಡು ಡ್ರಮ್ ತುಂಬಿಸಿ ಒಳಗಿಡ್ತಿದ್ದಾರೆ. ನಿನ್ನೆ ಹಾಲು ಕೊಡೋ ಹೊತ್ತಿಗೆ ಹೋಗಿ ಅಡುಗೆ ಮನೆ ಕಟ್ಟೆ ಮೇಲೆ ಕೂತಿದ್ದೆ. ಆ ಹುಡುಗಿ ಲೋಟ ತಗೊಂಡ್ಳು, ಅರ್ಧ ಕುಡಿದು ಉಳಿದಿದ್ದು ಪಕ್ಕದೋಳಿಗೆ ಕೊಟ್ಳು. ನಾನು ಏನೂ ಹೇಳ್ಲಿಲ್ಲ.

ಮುಂದಿನ ಸಭೆ ಬರೋ ತಿಂಗಳು ಸಂತೆ ದಿನ, ಒಂಬತ್ತೂವರೆಗೆ. ಹೋಗ್ತೀನಿ.